ಕುದಿಯುವ ನೀರಿನಲ್ಲಿ ಅಡಗಿದ ಶಾಖ: ಗುಪ್ತೋಷ್ಣದ ಚರಿತ್ರೆ

ಒಲೆಯ ಮೇಲೆ ನೀರಿಟ್ಟು ಕುದಿಸುವುದು ನಾವು ದಿನವೂ ಕಾಣುವ ಕೆಲಸ. ನೀರು ನಿಧಾನವಾಗಿ ಬಿಸಿಯಾಗುತ್ತದೆ, 100 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಕುದಿಯತೊಡಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ಬಳಿಕ ನಡೆಯುವುದರ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಒಲೆ ಉರಿಯುತ್ತಲೇ ಇರುತ್ತದೆ. ಶಾಖ ಪಾತ್ರೆಯೊಳಗೆ ಸೇರುತ್ತಲೇ ಇರುತ್ತದೆ. ಆದರೂ ನೀರಿನಲ್ಲಿಟ್ಟ ಥರ್ಮಾಮೀಟರ್ 100 ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಕೊನೆಯ ಹನಿ ಆವಿಯಾಗುವ ತನಕ ಅದು ಅಲ್ಲಿಂದ ಕದಲುವುದಿಲ್ಲ. ಹಾಗಾದರೆ ಅಷ್ಟು ಹೊತ್ತು ಕೊಟ್ಟ ಶಾಖವೆಲ್ಲ ಎಲ್ಲಿಗೆ ಹೋಯಿತು?

ಶಾಲೆಯ ಪಠ್ಯಪುಸ್ತಕ ಇದಕ್ಕೆ ಎರಡು ಸಾಲಿನ ಉತ್ತರ ಕೊಡುತ್ತದೆ. ದ್ರವವೊಂದು ಅನಿಲವಾಗಲು ಶಕ್ತಿ ಬೇಕು. ಉಷ್ಣತೆ ಏರದೆಯೇ ಹೀರಲ್ಪಡುವ ಆ ಶಕ್ತಿಗೆ ಆವೀಕರಣದ ಗುಪ್ತೋಷ್ಣ ಎಂದು ಹೆಸರು. ಒಂದು ಕಿಲೋಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 419 ಕಿಲೋಜೂಲ್ ಸಾಕು. ಆದರೆ 100 ಡಿಗ್ರಿಯ ಅದೇ ನೀರನ್ನು 100 ಡಿಗ್ರಿಯ ಆವಿಯನ್ನಾಗಿ ಮಾಡಲು ಸುಮಾರು 2,257 ಕಿಲೋಜೂಲ್ ಬೇಕು. ಅಂದರೆ ಐದು ಪಟ್ಟಿಗೂ ಹೆಚ್ಚು!

ನಮ್ಮ ವಿದ್ಯಾರ್ಥಿಗಳು ಈ ಸಂಖ್ಯೆಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಈ ಸಂಖ್ಯೆಯ ಹಿಂದೆ ಸಾವಿರ ವರ್ಷಕ್ಕೂ ಮಿಕ್ಕಿದ ಒಂದು ಕಥೆಯಿದೆ. ಬಗ್ದಾದಿನ ಪ್ರಯೋಗಶಾಲೆಗಳು, ಕನೌಜಿನ ಅತ್ತರ್ ಭಟ್ಟಿಗಳು, ಸ್ಕಾಟ್‌ಲೆಂಡಿನ ಒಂದು ತರಗತಿ ಎಲ್ಲವೂ ಅದರಲ್ಲಿ ಬರುತ್ತವೆ. ಆ ಕಥೆಯಲ್ಲಿ ಮುಸ್ಲಿಂ ವಿದ್ವಾಂಸರಿಗೂ ಒಂದು ಸ್ಥಾನವಿದೆ. ಆ ಸ್ಥಾನ ಯಾವುದು ಎಂಬುದನ್ನು ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಅರಿಯುವುದು ನಮಗೆ ಅಗತ್ಯ.

ಅನ್‌ಬೀಕ್‌ನಿಂದ ಅಲೆಂಬಿಕ್‌ವರೆಗೆ

ದ್ರವವನ್ನು ಆವಿಯಾಗಿಸಿ, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವುದಕ್ಕೆ ಬಟ್ಟಿ ಇಳಿಸುವುದು ಎನ್ನುತ್ತೇವೆ. ಈ ವಿದ್ಯೆಯ ಆರಂಭ ಅರಬರಿಂದಲ್ಲ. ಈಜಿಪ್ಟಿನ ಗ್ರೀಕ್ ರಸವಾದಿಗಳು ಕ್ರಿಸ್ತಶಕದ ಮೊದಲ ಶತಮಾನಗಳಲ್ಲೇ ಬಟ್ಟಿ ಪಾತ್ರೆಗಳನ್ನು ಬಳಸುತ್ತಿದ್ದರು. ಸುಮಾರು ಕ್ರಿ.ಶ. 300ರ ಕಾಲದ ಜೊಸಿಮೋಸ್‌ನ ಬರಹಗಳಲ್ಲಿ ಅವುಗಳ ವಿವರಣೆ ಇದೆ. ಗ್ರೀಕರ ‘ಅಂಬಿಕ್ಸ್’ ಎಂಬ ಶಬ್ದವೇ ಅರಬಿಯಲ್ಲಿ ‘ಅಲ್ ಅನ್‌ಬೀಕ್’ ಆಯಿತು. ಅದು ಮುಂದೆ ಯುರೋಪಿಗೆ ಹೋಗಿ ‘ಅಲೆಂಬಿಕ್’ ಆಯಿತು. ಒಂದು ಪಾತ್ರೆಯ ಹೆಸರಿನಲ್ಲೇ ಮೂರು ನಾಗರಿಕತೆಗಳ ಪಯಣ ಅಡಗಿದೆ.

ಅರಬ್ ಜಗತ್ತು ಈ ವಿದ್ಯೆಯನ್ನು ಪಡೆದುಕೊಂಡು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಕಿಂದಿ ಸುಗಂಧ ದ್ರವ್ಯಗಳ ತಯಾರಿಕೆ ಹಾಗೂ ಬಟ್ಟಿ ಇಳಿಸುವಿಕೆಯ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಅದರಲ್ಲಿ ನೂರಕ್ಕೂ ಹೆಚ್ಚು ತಯಾರಿಕಾ ವಿಧಾನಗಳಿವೆ. ಅವರ ನಂತರ ಬಂದ ವೈದ್ಯ ಅಬೂಬಕರ್ ಅಲ್ ರಾಝಿ ‘ಕಿತಾಬುಲ್ ಅಸ್ರಾರ್’ ಎಂಬ ಗ್ರಂಥದಲ್ಲಿ ಪ್ರಯೋಗಶಾಲೆಯ ಸಲಕರಣೆಗಳನ್ನು ಒಂದೊಂದಾಗಿ ಹೆಸರಿಸಿ ವಿವರಿಸಿದರು. ಕುದಿಸುವ ಪಾತ್ರೆ, ಅದರ ಮೇಲೆ ಕೂರುವ ಅನ್‌ಬೀಕ್, ಇಳಿದು ಬರುವ ದ್ರವವನ್ನು ಹಿಡಿಯುವ ಪಾತ್ರೆ ಎಲ್ಲವೂ ಅಲ್ಲಿವೆ. ರಸವಾದದ ಗೂಢಭಾಷೆಯನ್ನು ಬದಿಗಿಟ್ಟು, ಯಾರು ಓದಿದರೂ ಮಾಡಿನೋಡಬಹುದಾದ ರೀತಿಯಲ್ಲಿ ಬರೆದದ್ದು ಅವರ ಹೆಚ್ಚುಗಾರಿಕೆ.

ಪನ್ನೀರಿನ ವ್ಯಾಪಾರ ಈ ವಿದ್ಯೆಯನ್ನು ದೇಶದೇಶಗಳಿಗೆ ಹರಡಿತು. ಇರಾನಿನ ಫಾರ್ಸ್ ಪ್ರಾಂತ್ಯ ಮತ್ತು ಡಮಾಸ್ಕಸ್ ಪರಿಸರ ಪನ್ನೀರಿಗೆ ಹೆಸರುವಾಸಿಯಾದವು. ನಮ್ಮ ನಾಡಿನಲ್ಲೂ ಅದರ ಕುರುಹು ಇದೆ. ಬಿಜಾಪುರದಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ್ (ಆಳ್ವಿಕೆ 1580-1627) ಅವರಿಗಾಗಿ ಸುಗಂಧಗಳ ಬಗ್ಗೆ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪರ್ಷಿಯನ್ ಕೃತಿ ರಚನೆಯಾಯಿತು. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಶ್ರೀಗಂಧದ ಎಣ್ಣೆ ತೆಗೆಯುವ ಉದ್ಯಮ ಆರಂಭವಾದಾಗಲೂ ಅದರ ಬುಡದಲ್ಲಿದ್ದದ್ದು ಇದೇ ತತ್ವ: ಆವಿಯಾಗಿಸು, ತಣಿಸು, ಸಂಗ್ರಹಿಸು.

ಇನ್ನು ಉತ್ತರ ಪ್ರದೇಶದ ಕನೌಜಿನ ಅತ್ತರ್ ಭಟ್ಟಿಗಳನ್ನು ನೋಡಿ. ಅಲ್ಲಿ ತಾಮ್ರದ ದೊಡ್ಡ ‘ದೇಗ್’ನಲ್ಲಿ ಹೂವು ಮತ್ತು ನೀರನ್ನು ಹಾಕಿ, ಮುಚ್ಚಳವನ್ನು ಮಣ್ಣಿನಿಂದ ಬಿಗಿದು, ಕೆಳಗೆ ಬೆಂಕಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆ ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ. ತೊಟ್ಟಿಯ ನೀರು ಬೇಗ ಬಿಸಿಯಾಗುವುದರಿಂದ ಕೆಲಸಗಾರ ಅದನ್ನು ಮತ್ತೆ ಮತ್ತೆ ಬದಲಾಯಿಸಬೇಕಾಗುತ್ತದೆ.

ಈ ಕೊನೆಯ ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಭಪ್ಕಾದಲ್ಲಿ ಇಳಿದ ದ್ರವ ಸ್ವಲ್ಪವೇ. ಆದರೆ ಅದು ಬಿಸಿ ಮಾಡಿದ ನೀರು ತೊಟ್ಟಿ ತುಂಬ. ಅಷ್ಟು ಸ್ವಲ್ಪ ಆವಿ ಇಷ್ಟು ನೀರನ್ನು ಹೇಗೆ ಬಿಸಿ ಮಾಡಿತು? ಒಲೆಯಲ್ಲಿ ‘ಕಾಣೆಯಾದ’ ಶಾಖ ಇಲ್ಲಿ ತೊಟ್ಟಿಯಲ್ಲಿ ಮತ್ತೆ ಪ್ರತ್ಯಕ್ಷವಾಗಿದೆ. ಬಟ್ಟಿ ಇಳಿಸುವವರ ಕೈಗೆ ಇದು ಶತಮಾನಗಳಿಂದ ಗೊತ್ತಿತ್ತು. ಬೇಸಿಗೆಯಲ್ಲಿ ಲಾವಂಚದ ತಡಿಕೆಗೆ ನೀರು ಚಿಮುಕಿಸಿ ಕೋಣೆಯನ್ನು ತಂಪು ಮಾಡುವ ಕ್ರಮವನ್ನು ಅಬುಲ್ ಫಝಲ್ ‘ಐನ್-ಎ-ಅಕ್ಬರಿ’ಯಲ್ಲಿ ದಾಖಲಿಸಿದ್ದಾರೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ ಎಂಬುದೇ ಅಲ್ಲಿನ ಗುಟ್ಟು. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ.

ಆದರೆ ಬಳಕೆ ಬೇರೆ, ಅಳತೆ ಬೇರೆ. ಎಷ್ಟು ಶಾಖ ಹೋಯಿತು, ಎಷ್ಟು ಮರಳಿ ಬಂತು ಎಂದು ಲೆಕ್ಕ ಹಾಕಲು ಅಲ್ ರಾಝಿಯವರ ಕಾಲದಲ್ಲಿ ಸಾಧನವೇ ಇರಲಿಲ್ಲ.

ಅಳೆಯುವ ಸಾಧನ ಬಂತು

ಆ ಸಾಧನ ಥರ್ಮಾಮೀಟರ್. ಹದಿನೇಳನೇ ಶತಮಾನದ ಉಷ್ಣತಾಮಾಪಕಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 1714ರಲ್ಲಿ ಫ್ಯಾರನ್‌ಹೀಟ್ ನಂಬಿಕಾರ್ಹವಾದ ಪಾದರಸದ ಥರ್ಮಾಮೀಟರ್ ತಯಾರಿಸಿದರು. 1724ರಲ್ಲಿ ತಮ್ಮ ಮಾಪನ ಕ್ರಮವನ್ನು ಪ್ರಕಟಿಸಿದರು. 1742ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ನೂರು ಡಿಗ್ರಿಯ ಕ್ರಮವನ್ನು ಮುಂದಿಟ್ಟರು.

ಆದರೆ ಸಾಧನ ಬಂದ ಮಾತ್ರಕ್ಕೆ ಸರಿಯಾದ ಪ್ರಶ್ನೆ ಹುಟ್ಟಬೇಕೆಂದಿಲ್ಲ. ಉಷ್ಣತೆ ಮತ್ತು ಶಾಖ ಎರಡೂ ಒಂದೇ ಎಂದು ಹೆಚ್ಚಿನವರು ಭಾವಿಸಿದ್ದರು. ನೀರು ಒಮ್ಮೆ ಕುದಿಯುವ ಹಂತಕ್ಕೆ ಬಂದರೆ ಮುಂದೆ ಇನ್ನೊಂದಿಷ್ಟು ಶಾಖ ಕೊಟ್ಟರೆ ಸಾಕು, ಅದು ಆವಿಯಾಗುತ್ತದೆ ಎಂಬುದು ಆಗಿನ ಸಾಮಾನ್ಯ ತಿಳುವಳಿಕೆ. ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲಿಯಂ ಕಲೆನ್, ದ್ರವಗಳು ಆವಿಯಾಗುವಾಗ ತಂಪು ಉಂಟಾಗುವುದನ್ನು ಪ್ರಯೋಗಗಳಿಂದ ತೋರಿಸಿ 1756ರಲ್ಲಿ ಪ್ರಕಟಿಸಿದರು. ಗಾಳಿ ತೆಗೆದ ಪಾತ್ರೆಯೊಳಗೆ ಈಥರ್ ಆವಿಯಾದಾಗ ಅದರ ಸುತ್ತಲಿದ್ದ ನೀರು ಹೆಪ್ಪುಗಟ್ಟಿತು. ಇಂದಿನ ರೆಫ್ರಿಜರೇಟರಿನ ಮೂಲತತ್ವ ಇಲ್ಲಿಯೇ ಇದೆ. ಆದರೆ ಆ ತಂಪಿನ ಲೆಕ್ಕ ಕಲೆನ್ ಅವರಿಗೆ ಸಿಗಲಿಲ್ಲ. ಅದನ್ನು ಬಿಡಿಸಿದ್ದು ಅವರ ಶಿಷ್ಯ.

ಜೋಸೆಫ್ ಬ್ಲ್ಯಾಕ್: ತರಗತಿಯಲ್ಲಿ ಹುಟ್ಟಿದ ಶೋಧನೆ

ಜೋಸೆಫ್ ಬ್ಲ್ಯಾಕ್ ಹುಟ್ಟಿದ್ದು 1728ರಲ್ಲಿ, ಫ್ರಾನ್ಸಿನ ಬೋರ್ಡೋ ನಗರದಲ್ಲಿ. ಗ್ಲಾಸ್ಗೋ ಮತ್ತು ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತರು. ನಾವು ಇಂದು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲದ ಕುರಿತ ಅವರ ಸಂಶೋಧನೆ ಅವರಿಗೆ ಚಿಕ್ಕ ವಯಸ್ಸಿನಲ್ಲೇ ಹೆಸರು ತಂದಿತು. ನಂತರ ಅವರು ಗ್ಲಾಸ್ಗೋದಲ್ಲಿ ಅಧ್ಯಾಪಕರಾದರು.

ಬ್ಲ್ಯಾಕ್ ತಮ್ಮ ವಿದ್ಯಾರ್ಥಿಗಳ ಮುಂದೆ ಸರಳವಾದ ಒಂದು ತರ್ಕವನ್ನಿಟ್ಟರು. ಮಂಜು ಕರಗುವ ಹಂತಕ್ಕೆ ಬಂದ ಮೇಲೆ ಅತಿ ಸ್ವಲ್ಪ ಶಾಖ ಸಾಕು ಎಂಬುದು ನಿಜವಾಗಿದ್ದರೆ, ಚಳಿಗಾಲ ಮುಗಿದು ಬಿಸಿಲೇರಿದ ಕೂಡಲೇ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ನೀರಾಗಿ ಊರುಗಳು ಕೊಚ್ಚಿಹೋಗಬೇಕಿತ್ತು. ಹಾಗೆಯೇ, ಕುದಿಯುವ ನೀರಿಗೆ ಇನ್ನೊಂದಿಷ್ಟು ಶಾಖ ಸಾಕೆಂದಾದರೆ ಪಾತ್ರೆಯ ನೀರೆಲ್ಲ ಒಂದೇ ಕ್ಷಣದಲ್ಲಿ ಆವಿಯಾಗಿ ಸಿಡಿಯಬೇಕಿತ್ತು. ಹಾಗೆ ಆಗುವುದಿಲ್ಲ. ಹಿಮ ವಾರಗಟ್ಟಲೆ ನಿಧಾನವಾಗಿ ಕರಗುತ್ತದೆ. ಕುದಿಯುವ ಪಾತ್ರೆ ಬಹಳ ಹೊತ್ತು ಕುದಿಯುತ್ತಲೇ ಇರುತ್ತದೆ. ಎಲ್ಲರೂ ಕಾಣುತ್ತಿದ್ದ ಸಂಗತಿ ಇದು. ಅದರಲ್ಲಿ ಪ್ರಶ್ನೆಯನ್ನು ಕಂಡವರು ಬ್ಲ್ಯಾಕ್.

ಮೊದಲು ಅವರು ಮಂಜುಗಡ್ಡೆಯನ್ನು ಪರೀಕ್ಷಿಸಿದರು. ಒಂದೇ ಅಳತೆಯ ಎರಡು ಗಾಜಿನ ಬುರುಡೆಗಳು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, 33 ಡಿಗ್ರಿ ಫ್ಯಾರನ್‌ಹೀಟ್‌ಗೆ ತಣಿಸಿದ ನೀರು. ಎರಡನ್ನೂ 47 ಡಿಗ್ರಿಯ ವಿಶಾಲವಾದ ಕೋಣೆಯಲ್ಲಿ ತೂಗುಹಾಕಿದರು. ನೀರು ಅರ್ಧ ಗಂಟೆಯಲ್ಲಿ 40 ಡಿಗ್ರಿಗೆ ಏರಿತು. ಮಂಜುಗಡ್ಡೆ ಕರಗಿ ಅದೇ 40 ಡಿಗ್ರಿಗೆ ಬರಲು ಹತ್ತೂವರೆ ಗಂಟೆ ಬೇಕಾಯಿತು. ಅಂದರೆ 21 ಅರ್ಧ ಗಂಟೆಗಳು! ಅಷ್ಟು ಹೊತ್ತು ಕೋಣೆಯಿಂದ ಬಂದ ಶಾಖದ ಬಹುಭಾಗ ಮಂಜುಗಡ್ಡೆಯನ್ನು ಕರಗಿಸಲು ಖರ್ಚಾಯಿತೇ ಹೊರತು ಅದರ ಉಷ್ಣತೆಯನ್ನು ಏರಿಸಲಿಲ್ಲ.

ನಂತರ ನೀರನ್ನು ಆವಿಯಾಗಿಸುವ ಸರದಿ. 1762ರ ಅಕ್ಟೋಬರಿನಲ್ಲಿ ಬ್ಲ್ಯಾಕ್ ತಗಡಿನ ಪಾತ್ರೆಯಲ್ಲಿ 50 ಡಿಗ್ರಿ ಫ್ಯಾರನ್‌ಹೀಟ್‌ನ ನೀರನ್ನು ಹಾಕಿ, ಕೆಂಪಗೆ ಕಾದ ಕಬ್ಬಿಣದ ಒಲೆಯ ಮೇಲಿಟ್ಟರು. ನಾಲ್ಕು ನಿಮಿಷದಲ್ಲಿ ನೀರು ಕುದಿಯತೊಡಗಿತು. ಪೂರ್ತಿ ಆವಿಯಾಗಿ ಪಾತ್ರೆ ಒಣಗಲು ಮತ್ತೆ ಇಪ್ಪತ್ತು ನಿಮಿಷ ಹಿಡಿಯಿತು. ಅವರ ಲೆಕ್ಕವನ್ನು ಇಂದಿನ ಎಂಟನೇ ತರಗತಿಯ ಮಗುವೂ ಮಾಡಬಲ್ಲದು. ನೀರು 50ರಿಂದ ಕುದಿಯುವ 212 ಡಿಗ್ರಿಗೆ, ಅಂದರೆ 162 ಡಿಗ್ರಿ ಏರಲು ನಾಲ್ಕು ನಿಮಿಷ. ಆದುದರಿಂದ ಒಂದು ನಿಮಿಷಕ್ಕೆ 40.5 ಡಿಗ್ರಿಯಷ್ಟು ಶಾಖ ನೀರಿಗೆ ಸೇರುತ್ತಿತ್ತು. ಒಲೆಯ ಶಾಖ ಒಂದೇ ಸಮನಾಗಿ ಬಂದಿದೆ ಎಂದಿಟ್ಟುಕೊಂಡರೆ ಇಪ್ಪತ್ತು ನಿಮಿಷದಲ್ಲಿ ಸೇರಿದ್ದು 810 ಡಿಗ್ರಿಯಷ್ಟು ಶಾಖ. ಆದರೆ ಥರ್ಮಾಮೀಟರ್ 212ನ್ನು ಬಿಟ್ಟು ಮೇಲೇರಲಿಲ್ಲ. ಈ 810 ಡಿಗ್ರಿಯ ಶಾಖ ಆವಿಯೊಳಗೆ ಅಡಗಿಕೊಂಡಿತು. ಆದುದರಿಂದಲೇ ಬ್ಲ್ಯಾಕ್ ಅದನ್ನು ‘ಅಡಗಿದ ಶಾಖ’ ಎಂದು ಕರೆದರು. ನಮ್ಮ ಗುಪ್ತೋಷ್ಣ ಎಂಬ ಶಬ್ದ ಅದರದ್ದೇ ರೂಪ.

ಇಂದಿನ ನಿಖರ ಲೆಕ್ಕದಂತೆ ಅದು ಸುಮಾರು 970 ಆಗಬೇಕು. ಒಂದು ತಗಡಿನ ಪಾತ್ರೆ, ಒಂದು ಒಲೆ, ಒಂದು ಗಡಿಯಾರ, ಒಂದು ಥರ್ಮಾಮೀಟರ್ ಇಷ್ಟರಿಂದಲೇ 810ರ ತನಕ ತಲುಪಿದ್ದು ಸಣ್ಣ ಸಂಗತಿಯಲ್ಲ.

ಬ್ಲ್ಯಾಕ್ ಅಷ್ಟಕ್ಕೇ ನಿಲ್ಲಲಿಲ್ಲ. ಹೋದ ಶಾಖ ನಿಜವಾಗಿಯೂ ಆವಿಯಲ್ಲಿದ್ದರೆ, ಆವಿ ಮರಳಿ ನೀರಾಗುವಾಗ ಅದು ಹೊರಬರಬೇಕಲ್ಲವೇ? 1764ರಲ್ಲಿ ತಮ್ಮ ಶಿಷ್ಯ ವಿಲಿಯಂ ಅರ್ವಿನ್ ಅವರೊಂದಿಗೆ ಪ್ರಯೋಗಶಾಲೆಯ ಬಟ್ಟಿ ಪಾತ್ರೆಯೊಂದನ್ನು ಬಳಸಿ, ಆವಿಯನ್ನು ತಣಿಸುವ ನೀರು ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಅಳೆದರು. ಹಿಂದಿನ ಲೆಕ್ಕಕ್ಕೆ ಹತ್ತಿರವಾದ ಉತ್ತರವೇ ಬಂತು. ಬಗ್ದಾದಿನಿಂದ ಯುರೋಪಿಗೆ ಹೋದ ಅದೇ ಬಟ್ಟಿ ವಿದ್ಯೆ. ಕನೌಜಿನ ತೊಟ್ಟಿಯಲ್ಲಿ ಬಿಸಿಯಾಗುವಂತಹ ಅದೇ ನೀರು. ವ್ಯತ್ಯಾಸ ಒಂದೇ: ಆ ನೀರಿನಲ್ಲಿ ಈಗ ಥರ್ಮಾಮೀಟರ್ ಇತ್ತು, ಪಕ್ಕದಲ್ಲಿ ಲೆಕ್ಕದ ಪುಸ್ತಕವಿತ್ತು.

ಇನ್ನೊಂದು ವಿಷಯ ನಮ್ಮ ಅಧ್ಯಾಪಕರು ಗಮನಿಸಬೇಕಾದದ್ದು. ಬ್ಲ್ಯಾಕ್ ಈ ಸಂಶೋಧನೆಯನ್ನು ತಾವು ಬದುಕಿರುವಾಗ ಪುಸ್ತಕವಾಗಿ ಪ್ರಕಟಿಸಲಿಲ್ಲ. ಅದನ್ನು ವರ್ಷ ವರ್ಷವೂ ತರಗತಿಯಲ್ಲಿ ಪಾಠ ಮಾಡಿದರು. ಅವರ ವಿದ್ಯಾರ್ಥಿಗಳು ಬರೆದುಕೊಂಡ ಟಿಪ್ಪಣಿಗಳ ಮೂಲಕ ಅದು ಹೊರಜಗತ್ತಿಗೆ ಹರಡಿತು. 1799ರಲ್ಲಿ ಅವರು ತೀರಿಕೊಂಡ ಮೇಲೆ, 1803ರಲ್ಲಿ ಜಾನ್ ರಾಬಿಸನ್ ಅವರ ಉಪನ್ಯಾಸಗಳನ್ನು ಪುಸ್ತಕವಾಗಿ ಹೊರತಂದರು. ಈ ನಡುವೆ 1772ರಲ್ಲಿ ಸ್ವೀಡನ್ನಿನ ವಿಲ್ಕೆ ಮಂಜುಗಡ್ಡೆಯ ಗುಪ್ತೋಷ್ಣವನ್ನು ಸ್ವತಂತ್ರವಾಗಿ ಕಂಡುಹಿಡಿದು ಪ್ರಕಟಿಸಿದ್ದರು.

ಕುಶಲಕರ್ಮಿ ಮತ್ತು ಪ್ರೊಫೆಸರ್

ಅದೇ ಗ್ಲಾಸ್ಗೋ ವಿಶ್ವವಿದ್ಯಾಲಯದ ಆವರಣದಲ್ಲಿ ಜೇಮ್ಸ್ ವ್ಯಾಟ್ ಎಂಬ ಯುವಕನ ಕಾರ್ಯಾಗಾರವಿತ್ತು. ಸಲಕರಣೆಗಳನ್ನು ತಯಾರಿಸುವುದು, ದುರಸ್ತಿ ಮಾಡುವುದು ಅವರ ಕೆಲಸ. 1763ರ ಚಳಿಗಾಲದಲ್ಲಿ ನ್ಯೂಕೊಮೆನ್ ಉಗಿಯಂತ್ರದ ಒಂದು ಮಾದರಿ ದುರಸ್ತಿಗೆ ಬಂತು. ಅದು ಆವಿಯನ್ನು ವಿಪರೀತವಾಗಿ ನುಂಗುತ್ತಿತ್ತು.

ಕಾರಣ ಹುಡುಕಲು ವ್ಯಾಟ್ ತಣ್ಣೀರಿನೊಳಗೆ ಆವಿಯನ್ನು ಹಾಯಿಸಿ ನೋಡಿದರು. ಆವಿಯಾಗಿ ಬಂದ ಒಂದು ಪಾಲು ನೀರು ಆರು ಪಾಲು ತಣ್ಣೀರನ್ನು ಕುದಿಯುವ ತನಕ ಬಿಸಿ ಮಾಡಬಲ್ಲದು ಎಂದು ತಿಳಿಯಿತು. ಇದನ್ನು ಇಂದಿನ ಲೆಕ್ಕದಲ್ಲಿ ಪರೀಕ್ಷಿಸಬಹುದು. ಒಂದು ಗ್ರಾಂ ಆವಿಯ ಗುಪ್ತೋಷ್ಣ ಸುಮಾರು 540 ಕ್ಯಾಲೊರಿ. ಆರು ಗ್ರಾಂ ನೀರನ್ನು 10 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಬೇಕಾದದ್ದು 6 × 90 = 540 ಕ್ಯಾಲೊರಿ. ಲೆಕ್ಕ ಸರಿಹೊಂದುತ್ತದೆ.

ಬೆರಗಾದ ವ್ಯಾಟ್ ತಮ್ಮ ಸ್ನೇಹಿತ ಬ್ಲ್ಯಾಕ್ ಬಳಿ ಇದನ್ನು ಹೇಳಿದರು. ಆಗ ಬ್ಲ್ಯಾಕ್ ತಾವು ಪಾಠ ಮಾಡುತ್ತಿದ್ದ ಗುಪ್ತೋಷ್ಣದ ವಿಚಾರವನ್ನು ವಿವರಿಸಿದರು. ನ್ಯೂಕೊಮೆನ್ ಯಂತ್ರದಲ್ಲಿ ಪ್ರತಿ ಸಲವೂ ಸಿಲಿಂಡರನ್ನು ತಣ್ಣೀರಿನಿಂದ ತಣಿಸಿ ಮತ್ತೆ ಆವಿಯಿಂದ ಬಿಸಿ ಮಾಡಬೇಕಿತ್ತು. ಆವಿಯ ಬಹುಪಾಲು ಇದರಲ್ಲೇ ಪೋಲಾಗುತ್ತಿತ್ತು. 1765ರಲ್ಲಿ ವ್ಯಾಟ್ ಅವರಿಗೆ ಪರಿಹಾರ ಹೊಳೆಯಿತು: ಸಿಲಿಂಡರ್ ಸದಾ ಬಿಸಿಯಾಗಿರಲಿ, ಆವಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸೋಣ. 1769ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕೈಗಾರಿಕಾ ಕ್ರಾಂತಿಯ ದೊಡ್ಡ ಹೆಜ್ಜೆಗಳಲ್ಲಿ ಇದೂ ಒಂದು.

ಗುಪ್ತೋಷ್ಣದ ಸಿದ್ಧಾಂತದಿಂದಲೇ ವ್ಯಾಟ್ ಯಂತ್ರ ಹುಟ್ಟಿತು ಎಂದು ಹಲವು ಪುಸ್ತಕಗಳು ಬರೆಯುತ್ತವೆ. ಆದರೆ ಸ್ವತಃ ವ್ಯಾಟ್ ಇದನ್ನು ಒಪ್ಪಲಿಲ್ಲ. ತಮ್ಮ ಪ್ರಯೋಗಗಳೇ ತಮ್ಮನ್ನು ಅಲ್ಲಿಗೆ ಒಯ್ದವು ಎಂದರು. ಆದರೆ ಸರಿಯಾಗಿ ತರ್ಕಿಸುವ, ಪ್ರಯೋಗ ಮಾಡುವ ಕ್ರಮವನ್ನು ಬ್ಲ್ಯಾಕ್ ಸಹವಾಸದಿಂದ ಕಲಿತೆನೆಂದು ಗೌರವದಿಂದ ಸ್ಮರಿಸಿದರು. ಪದವಿಯಿಲ್ಲದ ಒಬ್ಬ ಕುಶಲಕರ್ಮಿ ಮತ್ತು ಒಬ್ಬ ಪ್ರೊಫೆಸರ್ ಸಮಾನ ಮಿತ್ರರಂತೆ ಕುಳಿತು ಚರ್ಚಿಸಿದ್ದು ಇಲ್ಲಿ ಮುಖ್ಯ.

ವಿವರಣೆ ಬದಲಾಯಿತು, ಅಳತೆ ಉಳಿಯಿತು

ಆ ಕಾಲದಲ್ಲಿ ಶಾಖವನ್ನು ಕಣ್ಣಿಗೆ ಕಾಣದ ಒಂದು ದ್ರವವೆಂದು ಹಲವರು ನಂಬಿದ್ದರು. ಫ್ರಾನ್ಸಿನ ಲಾವೋಸಿಯೆ 1789ರಲ್ಲಿ ಅದನ್ನು ‘ಕ್ಯಾಲೋರಿಕ್’ ಎಂಬ ಹೆಸರಿನಿಂದ ಮೂಲವಸ್ತುಗಳ ಪಟ್ಟಿಗೂ ಸೇರಿಸಿದರು. 1798ರಲ್ಲಿ ರಂಫರ್ಡ್, ಫಿರಂಗಿ ಕೊರೆಯುವಾಗ ಘರ್ಷಣೆಯಿಂದ ಶಾಖ ಎಡೆಬಿಡದೆ ಹುಟ್ಟುವುದನ್ನು ತೋರಿಸಿ ಈ ನಂಬಿಕೆಯನ್ನು ಅಲುಗಾಡಿಸಿದರು. 1840ರ ದಶಕದಲ್ಲಿ ಜೂಲ್, ಇಷ್ಟು ಕೆಲಸಕ್ಕೆ ಇಷ್ಟು ಶಾಖ ಎಂದು ಅಳೆದು ತೋರಿಸಿದ ಮೇಲೆ ಶಾಖವೂ ಶಕ್ತಿಯ ಒಂದು ರೂಪ ಎಂಬುದು ಸ್ಥಿರವಾಯಿತು.

ಇಂದು ನಾವು ಹೀಗೆ ವಿವರಿಸುತ್ತೇವೆ: ದ್ರವದಲ್ಲಿ ಅಣುಗಳು ಒಂದನ್ನೊಂದು ಸೆಳೆದು ಹಿಡಿದಿರುತ್ತವೆ. ಅವುಗಳನ್ನು ಬಿಡಿಸಿ ದೂರ ಮಾಡಲು ಶಕ್ತಿ ಬೇಕು. ಜೊತೆಗೆ ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,670 ಪಟ್ಟು ಹಿಗ್ಗುತ್ತದೆ. ಸುತ್ತಲಿನ ಗಾಳಿಯನ್ನು ಹಿಂದಕ್ಕೆ ತಳ್ಳಲೂ ಶಕ್ತಿ ಬೇಕು. ಒಟ್ಟು 2,257 ಕಿಲೋಜೂಲ್‌ನಲ್ಲಿ ಸುಮಾರು 170 ಈ ತಳ್ಳುವಿಕೆಗೆ ಹೋದರೆ, ಉಳಿದದ್ದೆಲ್ಲ ಅಣುಗಳನ್ನು ಬಿಡಿಸಲು. ಅಣುಗಳ ಸರಾಸರಿ ವೇಗ ಹೆಚ್ಚದಿರುವುದರಿಂದ ಉಷ್ಣತೆ ಏರುವುದಿಲ್ಲ.

ಹಳೆಯ ವಿವರಣೆ ಬಿದ್ದುಹೋಯಿತು. ಆದರೆ ಬ್ಲ್ಯಾಕ್ ಮಾಡಿದ ಅಳತೆಯ ದಾರಿ ಬೀಳಲಿಲ್ಲ. ಶಾಖ ನಿಜವಾಗಿ ಏನು ಎಂಬುದು ತೀರ್ಮಾನವಾಗದೆಯೇ ಅದನ್ನು ಅಳೆಯಬಹುದು ಎಂಬ ತಾಳ್ಮೆ ಅವರಲ್ಲಿತ್ತು.

ನಾವು ಕಲಿಯಬೇಕಾದದ್ದು

ಗುಪ್ತೋಷ್ಣ ಪರೀಕ್ಷೆಗೆ ಮಾತ್ರ ಸೀಮಿತವಲ್ಲ. ಬೆವರು ಆರುವಾಗ ಮೈ ತಂಪಾಗುವುದು ಅದರಿಂದ. ಕುದಿಯುವ ನೀರಿಗಿಂತ ಅದೇ ಉಷ್ಣತೆಯ ಆವಿ ಹೆಚ್ಚು ಸುಡುವುದೂ ಅದರಿಂದಲೇ. ಅರಬಿ ಸಮುದ್ರದಿಂದ ಮೇಲೇರುವ ನೀರಾವಿ ತನ್ನೊಳಗೆ ಅಡಗಿಸಿಕೊಂಡ ಶಾಖವನ್ನು ಮಳೆ ಮೋಡವಾಗುವಾಗ ಹೊರಬಿಡುತ್ತದೆ; ಚಂಡಮಾರುತಗಳಿಗೆ ಬಲ ಬರುವುದು ಆ ಶಾಖದಿಂದ. ಇನ್ನು ಅಡುಗೆ ಮನೆಯಲ್ಲಿ, ತೆರೆದ ಪಾತ್ರೆಯ ನೀರು ಕುದಿಯತೊಡಗಿದ ಮೇಲೆ ಗ್ಯಾಸ್ ಉರಿಯನ್ನು ದೊಡ್ಡದು ಮಾಡಿದರೆ ಅಕ್ಕಿ ಬೇಗ ಬೇಯುವುದಿಲ್ಲ. ನೀರು ಬೇಗ ಆವಿಯಾಗುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ, ಅಷ್ಟೇ.

ಇದಕ್ಕಿಂತಲೂ ಮುಖ್ಯವಾದ ಒಂದು ಮಾತಿದೆ. ವಿಜ್ಞಾನದ ಚರಿತ್ರೆಯನ್ನು ಹೇಳುವಾಗ ನಮ್ಮಲ್ಲಿ ಎರಡು ಬಗೆಯ ತಪ್ಪುಗಳು ಕಾಣುತ್ತವೆ. ಎಲ್ಲವನ್ನೂ ಯುರೋಪಿನವರೇ ಆರಂಭಿಸಿದರು ಎನ್ನುವವರು ಅಲ್ ಕಿಂದಿ, ಅಲ್ ರಾಝಿಯವರನ್ನು ಮರೆಯುತ್ತಾರೆ. ಎಲ್ಲವನ್ನೂ ನಮ್ಮವರೇ ಮೊದಲು ಕಂಡುಹಿಡಿದರು ಎನ್ನುವವರು ಬ್ಲ್ಯಾಕ್‌ರ ಒಲೆಯನ್ನೂ ಗಡಿಯಾರವನ್ನೂ ಮರೆಯುತ್ತಾರೆ. ಅಲ್ ರಾಝಿಯವರಿಗೆ ಅವರದ್ದಲ್ಲದ ಕೀರ್ತಿಯ ಅಗತ್ಯವಿಲ್ಲ. ಗ್ರೀಕರಿಂದ ಬಂದ ವಿದ್ಯೆಯನ್ನು ಕಲಿತು, ಸ್ವತಃ ಮಾಡಿನೋಡಿ, ಗುಟ್ಟು ಮಾಡದೆ ಬರೆದಿಟ್ಟರು. ಅವರ ಹಿರಿಮೆಗೆ ಅದು ಸಾಕು.

ಹಿರಿಯರು ಬಿಟ್ಟುಹೋದ ಪಾತ್ರೆಯನ್ನು ಕಪಾಟಿನಲ್ಲಿಟ್ಟು ಹೊಗಳುತ್ತಾ ಕುಳಿತರೆ ಅವರಿಗೆ ಗೌರವ ಸಂದಂತಾಗುವುದಿಲ್ಲ. ಆ ಪಾತ್ರೆಗೆ ನೀರು ಹಾಕಿ, ಒಲೆಯ ಮೇಲಿಟ್ಟು, ಥರ್ಮಾಮೀಟರ್ ಹಿಡಿದು ಮುಂದಿನ ಪ್ರಶ್ನೆಯನ್ನು ಕೇಳಬೇಕು. ನಮ್ಮ ಶಾಲಾ ಕಾಲೇಜುಗಳಲ್ಲಿ ಬ್ಲ್ಯಾಕ್‌ರ ಪ್ರಯೋಗವನ್ನು ಮಾಡಲು ದುಬಾರಿ ಉಪಕರಣಗಳೇನೂ ಬೇಡ. ಒಂದು ಪಾತ್ರೆ, ಒಂದು ಸ್ಟವ್, ಒಂದು ಗಡಿಯಾರ, ಒಂದು ಥರ್ಮಾಮೀಟರ್ ಸಾಕು. ಅಧ್ಯಾಪಕರ ನೆರವಿನಿಂದ ಈ ವರ್ಷವೇ ವಿದ್ಯಾರ್ಥಿಗಳು ಅದನ್ನು ಮಾಡಿನೋಡಲಿ. ಪುಸ್ತಕದ ಸಂಖ್ಯೆಗೂ ತಮಗೆ ದೊರೆತ ಸಂಖ್ಯೆಗೂ ಎಷ್ಟು ಅಂತರ ಬಂತು, ಏಕೆ ಬಂತು ಎಂದು ಚರ್ಚಿಸಲಿ. ಕಲಿಕೆ ಆರಂಭವಾಗುವುದು ಆ ಅಂತರದಲ್ಲೇ.